ಎರಡು ಸಲ ಹನ್ನೆರಡು ಹೊಡೆದ ಭಾನುವಾರ

ಕೆಸ್ಲರ್ಸ್ ಫೋರ್ಡ್, ಒಹಾಯೋ
ನವೆಂಬರ್ 29, 1883

ಆಲ್ವಾ,

ಗಿಡಿಯನ್ನನ ಗೋರಿಗೆಂದು ನೀನು ಕಳಿಸಿದ ಹೂವಿನ ಚಕ್ರ ಬಂತು. ಗಾಡಿಯ ಗಾಲಿಯಷ್ಟು ದೊಡ್ಡದು, ಬಾಗಿಲಲ್ಲಿ ತೂರಲೇ ಇಲ್ಲ. ಅಂಗಳದಲ್ಲಿ ಇಳಿಸಿ ಹೋದರು. ಪಕ್ಕದ ಮನೆಯ ಹಂದಿಗಳು ಬಂದು ಅರ್ಧ ತಿಂದವು. ನಾನು ಕಿಟಕಿಯಲ್ಲಿ ಕೂತು ನೋಡುತ್ತಿದ್ದೆ, ಓಡಿಸಲಿಲ್ಲ.

ಇವತ್ತು ಕೃತಜ್ಞತೆಯ ಹಬ್ಬ. ಬೀದಿಯುದ್ದಕ್ಕೂ ಟರ್ಕಿ ಕೋಳಿ ಬೇಯುವ ವಾಸನೆ. ನಾನು ಒಲೆ ಹಚ್ಚಿಲ್ಲ. ಗಂಡ ಮಣ್ಣಿಗೆ ಹೋಗಿ ಎಂಟು ದಿನ. ದೇವರಿಗೆ ಯಾವುದಕ್ಕೆಂದು ಕೃತಜ್ಞತೆ ಹೇಳಲಿ?

ಹೂವಿನ ಹಿಂದೆಯೇ ನಿನ್ನ ಕಂಪನಿಯ ತನಿಖಾ ವರದಿಯೂ ಬಂತು. ಸ್ಟೇಷನ್ನಿನ ನೋಟಿಸ್ ಬೋರ್ಡಿಗೆ ಮೊಳೆ ಹೊಡೆದು ಹಾಕಿದ್ದಾರೆ. ಊರಿನವರೆಲ್ಲ ಓದುತ್ತಿದ್ದಾಗ ನಾನೂ ನಿಂತು ಓದಿದೆ. 'ಗೂಡ್ಸ್ ಗಾಡಿಯ ಡ್ರೈವರ್ ಗಿಡಿಯನ್ ಡನ್‌ಲಪ್ ತನ್ನ ಗಡಿಯಾರವನ್ನು ಹೊತ್ತಿಗೆ ಮುಂಚೆಯೇ ಹಿಂದಿಟ್ಟದ್ದು ಅಪಘಾತಕ್ಕೆ ಕಾರಣ.' ಸತ್ತವನ ತಲೆಗೆ ಕಟ್ಟುವುದು ಎಷ್ಟು ಸುಲಭ ನೋಡು. ಅವನು ಎದ್ದು ಬಂದು ಇಲ್ಲ ಎನ್ನುವುದಿಲ್ಲ.

ನಾನು ಮೂವತ್ತೈದು ವರ್ಷ ರೈಲಿನವನಿಗೆ ಗಡಿಯಾರ ನೋಡಿಕೊಂಡು ಅಡುಗೆ ಮಾಡಿದವಳು. ನನ್ನ ಕಣ್ಣಿಗೆ ಮಣ್ಣೆರಚಬೇಡ. ಅಪಘಾತವಾದ ಆ ಭಾನುವಾರ ನೀವು ದೇಶದ ರೈಲಿನವರೆಲ್ಲ ಸೇರಿ, ಊರೂರಿನವರು ಸೂರ್ಯನನ್ನು ನೋಡಿ ಇಟ್ಟುಕೊಂಡಿದ್ದ ಹೊತ್ತನ್ನು ತೆಗೆದುಹಾಕಿ ಎಲ್ಲರಿಗೂ ಒಂದೇ ಹೊಸ ಹೊತ್ತು ತಂದಿರಿ. ನಮ್ಮ ಕಡೆ ಹೊಸದು ಹಳೆಯದಕ್ಕಿಂತ ಇಪ್ಪತ್ತೆಂಟು ನಿಮಿಷ ಹಿಂದೆ. ಹಾಗಾಗಿ ಆ ದಿನ ನಮಗೆ ಹನ್ನೆರಡು ಹೊಡೆದದ್ದು ಎರಡು ಸಲ. ನಿನ್ನ ಸುತ್ತೋಲೆಯಲ್ಲಿ ಇದ್ದದ್ದು ಒಂದೇ ಸಾಲು: 'ಭಾನುವಾರ ಹನ್ನೆರಡಕ್ಕೆ ಗಡಿಯಾರಗಳನ್ನು ಇಪ್ಪತ್ತೆಂಟು ನಿಮಿಷ ಹಿಂದಿಡಿ.' ಯಾವ ಹನ್ನೆರಡು, ಆಲ್ವಾ?

ಗಿಡಿಯನ್ ಹಳೆಯ ಹನ್ನೆರಡಕ್ಕೆ ಮುಳ್ಳು ಹಿಂದಿಟ್ಟ. ಎಕ್ಸ್‌ಪ್ರೆಸ್ಸಿನ ಡ್ರೈವರ್ ಹೊಸ ಹನ್ನೆರಡಾಗಲಿ ಎಂದು ಕಾದ. ಇಬ್ಬರೂ ಓದಿದ್ದು ಅದೇ ಸಾಲು. ಎಕ್ಸ್‌ಪ್ರೆಸ್ ಮಿಲ್ ಕ್ರೀಕ್ ಸ್ಟೇಷನ್ ದಾಟುವುದು ಹನ್ನೆರಡು ಹತ್ತಕ್ಕೆ, ಹೋಗಿಬರಲು ಇರುವುದು ಒಂದೇ ಹಳಿ, ಅಷ್ಟರೊಳಗೆ ಗೂಡ್ಸ್ ಅಲ್ಲಿ ಪಕ್ಕದ ಹಳಿಗೆ ಸರಿದಿರಬೇಕು. ಎದುರುಬದುರಾಗಿ ಗುದ್ದಿದಾಗ ಎಕ್ಸ್‌ಪ್ರೆಸ್ಸಿನವನ ಗಡಿಯಾರದಲ್ಲಿ ಹನ್ನೆರಡು ಹತ್ತು, ನನ್ನ ಗಂಡನದರಲ್ಲಿ ಹನ್ನೊಂದು ನಲವತ್ತೆರಡು. ಪಕ್ಕದ ಹಳಿ ಸೇರಲು ಇನ್ನೂ ಬೇಕಾದಷ್ಟು ಹೊತ್ತಿದೆ ಎಂದುಕೊಂಡೇ ಅವನು ಸತ್ತ. ಅವನ ಜೊತೆ ಬೆಂಕಿಗೆ ಕಲ್ಲಿದ್ದಲು ಹಾಕುತ್ತಿದ್ದ ಕಾನರ್ ಟಿಯರ್ನಿ ಸತ್ತ. ಎಕ್ಸ್‌ಪ್ರೆಸ್ಸಿನ ಮೊದಲ ಡಬ್ಬಿಯಲ್ಲಿದ್ದ ಒಬ್ಬ ಹೆಂಗಸು ಸತ್ತಳು.

ಆ ವರದಿಯನ್ನು ಕಿತ್ತುಹಾಕಿಸು. ಬೇರೇನೂ ಕೇಳುತ್ತಿಲ್ಲ.

ಹಲ್ಡಾ ಡನ್‌ಲಪ್

*

ಲೇಕ್ ಅಂಡ್ ಪ್ರೈರಿ ರೈಲ್ವೆ, ಅಧ್ಯಕ್ಷರ ಕಚೇರಿ, ನ್ಯೂಯಾರ್ಕ್
ಡಿಸೆಂಬರ್ 6, 1883

ಶ್ರೀಮತಿ ಡನ್‌ಲಪ್ ಅವರಿಗೆ,

ತಮ್ಮ ಪತ್ರ ತಲುಪಿದೆ. ತಮ್ಮ ಪತಿಯ ಅಗಲಿಕೆಗೆ ಕಂಪನಿ ತೀವ್ರ ವಿಷಾದ ವ್ಯಕ್ತಪಡಿಸುತ್ತದೆ. ಸದರಿ ಅಪಘಾತದ ಬಗ್ಗೆ ಮೂವರು ಅನುಭವಿ ಅಧಿಕಾರಿಗಳು ನಿಷ್ಪಕ್ಷಪಾತವಾಗಿ ತನಿಖೆ ನಡೆಸಿದ್ದು, ವರದಿಯನ್ನು ಮರುಪರಿಶೀಲಿಸಲು ಅವಕಾಶವಿರುವುದಿಲ್ಲ. ತಮ್ಮ ಮುಂದಿನ ಜೀವನದ ಬಗ್ಗೆ ಮಾತನಾಡಲು ಕಂಪನಿಯ ವಕೀಲರಾದ ಟಿಸ್ಡೇಲ್ ಅವರು ಸದ್ಯದಲ್ಲೇ ತಮ್ಮನ್ನು ಭೇಟಿಯಾಗಲಿದ್ದಾರೆ.

ಎ. ಎಚ್. ಪ್ರುಯಿಟ್
ಅಧ್ಯಕ್ಷ

ಅಕ್ಕಾ, ಮೇಲಿನದು ಗುಮಾಸ್ತನ ಭಾಷೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಟಿಸ್ಡೇಲ್ ಒಳ್ಳೆಯವನು. ಅವನು ಹೇಳಿದ ಹಾಗೆ ಕೇಳು. ಆಲ್.

*

ಕೆಸ್ಲರ್ಸ್ ಫೋರ್ಡ್
ಡಿಸೆಂಬರ್ 14, 1883

ಆಲ್ವಾ,

ನಿನ್ನ ಕಾಗದವನ್ನು ಯಂತ್ರದಲ್ಲಿ ಹೊಡೆಸಿದ್ದೀಯ. ಕೊನೆಗೆ ಮೂರು ಸಾಲು ಮಾತ್ರ ಕೈಯಲ್ಲಿ, ಅದೂ ಪೆನ್ಸಿಲಿನಲ್ಲಿ. ಅಮ್ಮ ಸತ್ತಾಗ ನಿನಗೆ ಮೂರು ವರ್ಷ, ನನಗೆ ಹದಿನಾಲ್ಕು. ನಿನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವಳಿಗೆ ನೀನು ಶ್ರೀಮತಿ ಎಂದು ಬರೆಸಿ ಕಳಿಸುತ್ತೀಯ.

ನಿನ್ನ ಟಿಸ್ಡೇಲ್ ಬಂದಿದ್ದ. ಬೂಟಿಗೆ ಕೆಸರು ತಾಗುತ್ತದೆಂದು ಅಂಗಳದಲ್ಲಿ ಕೋಳಿಯ ಹಾಗೆ ಹೆಜ್ಜೆ ಎತ್ತಿಟ್ಟುಕೊಂಡು ಬಂದ. ಕುರ್ಚಿ ಕೊಟ್ಟೆ. ಕೂತವನೇ ಬೆಣ್ಣೆ ಹಚ್ಚಲು ಶುರು ಮಾಡಿದ.

"ಅಮ್ಮಾ, ಅಧ್ಯಕ್ಷರಿಗೆ ನಿಮ್ಮ ಮೇಲೆ ಎಷ್ಟು ಪ್ರೀತಿ ಗೊತ್ತಾ? ಕೆರೆ ದಂಡೆ ಮೇಲೊಂದು ಮನೆ ನೋಡಿದಾರೆ. ಆರು ಕೋಣೆ. ಮನೇಲೇ ನೀರಿನ ಕೊಳಾಯಿ!"

"ಆರು ಕೋಣೇಲಿ ನಾನೊಬ್ಬಳು ಕಣ್ಣಾಮುಚ್ಚಾಲೆ ಆಡ್ಲಾ?" ಎಂದೆ.

"ಹಾಗಲ್ಲಮ್ಮಾ. ಜೊತೆಗೆ ಈ ಊರ ಸ್ಟೇಷನ್ನಿಗೆ ನಿಮ್ಮ ಯಜಮಾನರ ಹೆಸರೇ ಇಡ್ತಾರಂತೆ. ಡನ್‌ಲಪ್ ಸ್ಟೇಷನ್! ನೀವು ಈ ಕಾಗದಕ್ಕೊಂದು ಸಹಿ ಹಾಕಿದ್ರೆ ಆಯ್ತು."

"ಏನಿದೆ ಅದ್ರಲ್ಲಿ?"

"ಏನಿಲ್ಲಮ್ಮಾ, ಮಾಮೂಲಿ. ವರದಿ ನಿಮಗೆ ಒಪ್ಪಿಗೆ ಅಂತ ಅಷ್ಟೇ."

ಅಷ್ಟರಲ್ಲಿ ಬಾಗಿಲಲ್ಲಿ ಬ್ರಿಜಿಡ್ ಟಿಯರ್ನಿ ಬಂದು ನಿಂತಳು, ಕಾನರನ ತಾಯಿ. ಮೂರು ವಾರದಿಂದ ಅವಳು ನನ್ನ ಮುಖ ನೋಡಿಲ್ಲ. ಕಂಪನಿಯ ವಕೀಲ ನನ್ನ ಮನೆಗೆ ಬಂದದ್ದು ಬೀದಿಗೆಲ್ಲ ಗೊತ್ತಾಗಿತ್ತು. ತಲೆಯ ಮೇಲಿನ ಶಾಲನ್ನೂ ಸರಿಸದೆ ಕೂಗಿದಳು:

"ಎಷ್ಟಕ್ಕೆ ಒಪ್ಕೊಂಡೆ ಹಲ್ಡಾ? ನಿನ್ನ ಗಂಡ ನನ್ನ ಮಗನ್ನ ಕೊಂದ, ನಿನ್ನ ತಮ್ಮ ಅದಕ್ಕೆ ನಿಂಗೆ ಇನಾಮು ಕೊಡ್ತಾನಾ? ಗಡಿಯಾರ ನೋಡೋಕೆ ಬರ್ದಿರೋ ಮುದುಕನ ಕೈಗೆ ನನ್ನ ಮಗನ್ನ ಕೊಟ್ನಲ್ಲ ನಾನು, ಥೂ!"

ಉಗುಳಿದಳು. ನನ್ನ ಹೊಸ್ತಿಲ ಮೇಲೆ. ಅವಳಿಗೆ ಓದಲು ಬರುವುದಿಲ್ಲ. ಬೋರ್ಡಿನ ಮೇಲೆ ಏನಿದೆ ಎಂದು ಪಾದ್ರಿ ಓದಿ ಹೇಳಿದ್ದಾರೆ, ಅವಳು ನಂಬಿದ್ದಾಳೆ. ಇಗರ್ಜಿಯಲ್ಲಿ ನನ್ನ ಬೆಂಚಿನಲ್ಲಿ ಈಗ ಯಾರೂ ಕೂರುವುದಿಲ್ಲ. ಡ್ರೈವರುಗಳ ಸಂಘದ ಗೋಡೆಯ ಮೇಲೆ ಕೆಲಸದಲ್ಲಿ ಸತ್ತವರ ಹೆಸರು ಬರೆಯುತ್ತಾರಲ್ಲ, ಅಲ್ಲಿ ಗಿಡಿಯನ್ನನ ಹೆಸರು ಬರೆದಿಲ್ಲ. ತಪ್ಪು ಮಾಡಿ ಸತ್ತವರನ್ನು ಅವರು ಬರೆಯುವುದಿಲ್ಲ.

ಟಿಸ್ಡೇಲನ ಕಾಗದವನ್ನು ಅವನ ಟೋಪಿಯೊಳಗೇ ತುರುಕಿ ಕೊಟ್ಟು ಕಳಿಸಿದೆ. ಕೆಸರಿನಲ್ಲಿ ಬೇಗ ಬೇಗ ನಡೆದ, ಈ ಸಲ ಬೂಟಿನ ಯೋಚನೆ ಮಾಡಲಿಲ್ಲ.

ಹಲ್ಡಾ

*

ನ್ಯೂಯಾರ್ಕ್
ಡಿಸೆಂಬರ್ 22, 1883

ಅಕ್ಕ,

ಇದನ್ನು ನನ್ನ ಕೈಯಲ್ಲೇ ಬರೆಯುತ್ತಿದ್ದೇನೆ, ಸಮಾಧಾನವಾಯಿತೇ?

ನಿನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಯಾವಾಗಲೂ. ನನಗೂ ಇದೆ. ನೀನು ಅಡುಗೆಮನೆಯಲ್ಲಿ ಕೂತು ಒಂದು ಸಾಲು ಕಿತ್ತುಹಾಕು ಎನ್ನುತ್ತೀಯ. ಆ ಸಾಲು ಕಿತ್ತರೆ ಏನೇನು ಬೀಳುತ್ತದೆ ಎಂದು ಗೊತ್ತೇ? ಪಶ್ಚಿಮದ ಎರಡು ಕಂಪನಿಗಳನ್ನು ನಮ್ಮದರೊಳಗೆ ಸೇರಿಸಿಕೊಳ್ಳುವ ಮಾತುಕತೆ ಮಾರ್ಚಿಗೆ ಮುಗಿಯಬೇಕು. ಅದಕ್ಕೆ ಹಣ ಹಾಕುವ ಲಂಡನ್ನಿನವರು ಬೆಳಿಗ್ಗೆ ಎದ್ದು ಮೊದಲು ನೋಡುವುದು ನನ್ನ ಹೆಸರು. ಅಧ್ಯಕ್ಷನ ಸುತ್ತೋಲೆಯಿಂದ ಮೂವರು ಸತ್ತರು ಎಂದು ಒಂದು ಪತ್ರಿಕೆ ಬರೆದರೆ ಅವರು ಕೈ ತೊಳೆದುಕೊಳ್ಳುತ್ತಾರೆ. ಹನ್ನೊಂದು ಸಾವಿರ ಜನ ನನ್ನ ಹಳಿಗಳ ಮೇಲೆ ಬದುಕುತ್ತಿದ್ದಾರೆ. ಅವರಲ್ಲಿ ಎಷ್ಟು ಮನೆಗಳ ಒಲೆ ಆರಿಸಲಿ, ನೀನೇ ಹೇಳು.

ಇನ್ನು ಗಿಡಿಯನ್. ಅವನು ನನ್ನನ್ನು ರೈಲಿಗೆ ಸೇರಿಸಿದ, ಒಪ್ಪಿದೆ. ನಾನು ಆ ಹಳಿಯನ್ನೇ ಕೊಂಡ ದಿನ ಇಂಜಿನ್ನಿನಿಂದ ಕೆಳಗೂ ಇಳಿಯದೆ, "ನಮಗೆಲ್ಲ ದಾರಿ ತೋರ್ಸೋ ಲಾಟೀನು ನೀನೇ ಹಿಡೀಬೇಕು ಇನ್ಮೇಲೆ, ಕೈ ನೋಯುತ್ತೆ ನೋಡ್ಕೋ" ಎಂದಿದ್ದ. ಮೇಲ್ವಿಚಾರಕನ ಕೆಲಸ ಕೊಟ್ಟೆ, ಬೇಡ ಎಂದ. ಮೂರು ಸಲ ಬೇಡ ಎಂದ. ನನ್ನಿಂದ ಏನೂ ತೆಗೆದುಕೊಳ್ಳಬಾರದು ಎಂಬ ಜಂಬ. ಮೇಲೆ ಬಂದಿದ್ದರೆ ಇವತ್ತು ಕುರ್ಚಿಯಲ್ಲಿ ಕೂತಿರುತ್ತಿದ್ದ. ಅವನು ಹೊಸ ಹನ್ನೆರಡರವರೆಗೆ ಕಾಯಬೇಕಿತ್ತು. ಅನುಮಾನ ಬಂದಿದ್ದರೆ ಕೇಳಬೇಕಿತ್ತು. ಕೇಳಲಿಲ್ಲ.

ಮನೆ ಬೇಡವಾದರೆ ಬಿಡು. ಹಠ ಮಾತ್ರ ಬೇಡ.

ಆಲ್

*

ಕೆಸ್ಲರ್ಸ್ ಫೋರ್ಡ್
ಜನವರಿ 9, 1884

ಆಲ್ವಾ,

'ಅನುಮಾನ ಬಂದಿದ್ದರೆ ಕೇಳಬೇಕಿತ್ತು.' ಈ ಸಾಲನ್ನು ನಾನು ಹದಿನೈದು ದಿನ ಅಗಿದಿದ್ದೇನೆ.

ನಿನ್ನೆ ಲೆಟ್ಟಿ ಬಾಗ್ಸ್ ಬಂದಿದ್ದಳು. ಸ್ಟೇಷನ್ನಿನ ತಂತಿ ಕಚೇರಿಯಲ್ಲಿ ಕೂರುವ ಹುಡುಗಿ, ಈ ಭಾಗದ ಮೂವತ್ತೊಂದು ಸ್ಟೇಷನ್ನಿಗೂ ಸುತ್ತೋಲೆ ಕಳಿಸಿದವಳು ಅವಳೇ. ಒಳಗೆ ಬಂದು ಬಾಗಿಲು ಹಾಕಿ, ರವಿಕೆಯೊಳಗಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು. ತಂತಿ ಕಳಿಸಿದ ಮೂಲ ಹಾಳೆಯನ್ನು ಆರು ತಿಂಗಳು ಇಟ್ಟುಕೊಳ್ಳಬೇಕು ಎಂಬುದು ನಿನ್ನದೇ ಕಂಪನಿಯ ನಿಯಮವಂತೆ.

"ಇದು ನಮ್ಮ ಸೂಪರಿಂಟೆಂಡೆಂಟ್ ಬೀಬ್ ಸಾಹೇಬ್ರು ಬರೆದಿದ್ದು ದೊಡ್ಡಮ್ಮಾ. ನ್ಯೂಯಾರ್ಕಿಗೆ ಹೋಗಿ ವಾಪಸ್ ಬಂದಿದ್ದು. ಓದಿ."

ಬೀಬ್ ಬರೆದಿದ್ದದ್ದು ಹೀಗೆ: 'ಭಾನುವಾರ ಹಳೆಯ ಗಡಿಯಾರದಲ್ಲಿ ಹನ್ನೆರಡಾಗುವ ಮೊದಲು ಎಲ್ಲ ಗಾಡಿಗಳೂ ಹತ್ತಿರದ ಪಕ್ಕದ ಹಳಿಗೆ ಸರಿದು ನಿಲ್ಲಬೇಕು. ಇಪ್ಪತ್ತೆಂಟು ನಿಮಿಷ ಕದಲಬಾರದು. ತಂತಿಯಲ್ಲಿ ಹೊಸ ಹನ್ನೆರಡರ ಸದ್ದು ಬಂದಾಗ ಎಲ್ಲರೂ ಒಟ್ಟಿಗೆ ಗಡಿಯಾರಗಳನ್ನು ಹಿಂದಿಟ್ಟು ಹೊರಡಬೇಕು.' ಹಳ್ಳಿಯ ದಡ್ಡನಿಗೂ ಅರ್ಥವಾಗುವ ಮಾತು. ಅದರ ಮೇಲೆ ಉದ್ದಕ್ಕೂ ನೀಲಿ ಪೆನ್ಸಿಲ್. ನಿಲ್ಲಬೇಕು ಎಂಬ ಮಾತನ್ನು ಎರಡು ಸಲ ಹೊಡೆದಿದೆ, ಕಾಗದ ಹರಿಯುವ ಹಾಗೆ. ಕೆಳಗೆ ಆ ಒಂದು ಸಾಲು. ಯಾರ ಅಕ್ಷರ ಎಂದು ಲೆಟ್ಟಿ ನನಗೆ ಹೇಳಬೇಕಾಗಿರಲಿಲ್ಲ. ಆ ಅಕ್ಷರ ತಿದ್ದಿಸಿದವಳು ನಾನು!

ಮೈಯೆಲ್ಲ ಉರಿಯುತ್ತಿದೆ ಆಲ್ವಾ. ಸುತ್ತೋಲೆಯನ್ನು ಯಾರೋ ಗುಮಾಸ್ತ ಕೆಡಿಸಿದ, ನೀನು ಅವನನ್ನು ಕಾಪಾಡುತ್ತಿದ್ದೀಯ ಎಂದುಕೊಂಡಿದ್ದೆ. ನೀನೇ. ನೀನೇ ಅದನ್ನು ಕೈಯಾರೆ ಹೊಡೆದುಹಾಕಿ, ಆಮೇಲೆ ಹೂವು ಕಳಿಸಿ, ವಕೀಲನನ್ನು ಕಳಿಸಿ, ನನ್ನ ಗಂಡನಿಗೆ ಜಂಬ ಎಂದು ಬರೆದೆ.

ಕೇಳು. ನಾಲ್ಕು ಸಾಲು ಬರೆದು, ಸಹಿ ಹಾಕಿ, ಮೂವತ್ತೊಂದು ಸ್ಟೇಷನ್ನಿನ ಬೋರ್ಡಿಗೂ ಹಾಕಿಸು: ಸುತ್ತೋಲೆ ತಪ್ಪು, ಡ್ರೈವರಿನದು ತಪ್ಪಲ್ಲ. ಬ್ರಿಜಿಡ್‌ಗೆ ನಾನು ಓದಿ ಹೇಳಬೇಕು. ಅದಾಗುವವರೆಗೆ ನಾನು ಸಾಯುವುದೂ ಇಲ್ಲ, ನಿನ್ನನ್ನು ಬಿಡುವುದೂ ಇಲ್ಲ.

ಹಲ್ಡಾ

*

ತಂತಿ. ನ್ಯೂಯಾರ್ಕ್, ಜನವರಿ 12, 1884

ಆ ಹಾಳೆ ಯಾರಿಗೂ ತೋರಿಸಬೇಡ. ಶುಕ್ರವಾರ ನಾನೇ ಬರುತ್ತೇನೆ. ಆಲ್

*

ಕೆಸ್ಲರ್ಸ್ ಫೋರ್ಡ್
ಜನವರಿ 19, 1884

ಆಲ್ವಾ,

ನಿನ್ನೆ ನಿನ್ನ ಸ್ವಂತ ರೈಲು ಡಬ್ಬಿ ನಮ್ಮ ಸ್ಟೇಷನ್ನಿನಲ್ಲಿ ನಲವತ್ತು ನಿಮಿಷ ನಿಂತಿತ್ತು. ಹಸಿರು ಬಣ್ಣ, ಚಿನ್ನದ ಅಂಚು, ಕಿಟಕಿಗೆಲ್ಲ ವೆಲ್ವೆಟ್ ಪರದೆ. ನಾನು ಹಬ್ಬದ ಟೋಪಿ ಹಾಕಿಕೊಂಡು ಹಿಮದಲ್ಲಿ ನಿಂತಿದ್ದೆ. ಪಕ್ಕದಲ್ಲಿ ಬ್ರಿಜಿಡ್. ಅವಳನ್ನು ಒಪ್ಪಿಸಿ ಕರೆತರಲು ನನಗೆ ಎರಡು ದಿನ ಹಿಡಿದಿತ್ತು. "ನನ್ನ ತಮ್ಮ ಬರ್ತಾ ಇದಾನೆ, ಅವನ ಬಾಯಿಂದಲೇ ಕೇಳು" ಎಂದು ಗೋಗರೆದು ಕರೆತಂದಿದ್ದೆ.

ಬಿಳಿ ಅಂಗಿಯ ಸೇವಕನೊಬ್ಬ ಮೆಟ್ಟಿಲಿಗೆ ಬಂದ.

"ಅಧ್ಯಕ್ಷರಿಗೆ ಮೈ ಹುಷಾರಿಲ್ಲ ಅಮ್ಮಾ. ಆ ಹಾಳೆ ನನ್ನ ಕೈಲಿ ಕೊಡ್ಬೇಕಂತೆ."

"ಅವನಿಗೆ ಹೇಳು, ಚಿಕ್ಕವನಿದ್ದಾಗ ಅವನಿಗೆ ಮೈ ಹುಷಾರಿಲ್ದಾಗ ಔಷಧಿ ಕುಡಿಸಿದವಳು ನಾನೇ. ನಾನೇ ಒಳಗೆ ಬರ್ತೀನಿ."

"ಒಳಗೆ ಬಿಡ್ಬೇಡ ಅಂದಿದಾರಮ್ಮಾ." ಪಾಪ, ಅವನ ಕಣ್ಣಲ್ಲಿ ನೀರಿತ್ತು, ಚಳಿಗೋ ಏನೋ.

ಇಂಜಿನ್ ಕೂಗಿತು, ಡಬ್ಬಿ ಹೊರಟುಹೋಯಿತು. ಬ್ರಿಜಿಡ್ ನನ್ನ ಮುಖ ನೋಡಿದಳು. ಈ ಸಲ ಉಗುಳಲಿಲ್ಲ. "ನಿನ್ ತಮ್ಮಂಗೆ ನಿನ್ ಮುಖ ನೋಡೋಕೂ ಆಗ್ಲಿಲ್ವಲ್ಲೇ" ಎಂದಳು. ಅವಳು ಉಗುಳಿದ್ದರೇ ಚೆನ್ನಾಗಿತ್ತು.

ಇವತ್ತು ಬೆಳಿಗ್ಗೆ ಲೆಟ್ಟಿಯನ್ನು ಕೆಲಸದಿಂದ ತೆಗೆದಿದ್ದಾರೆ. ಹಾಳೆ ನನ್ನ ಹತ್ತಿರವೇ ಇದೆ. ಆದರೆ ಅದರಲ್ಲಿ ನಿನ್ನ ಸಹಿಯಿಲ್ಲ. ಪೆನ್ಸಿಲ್ ಯಾರದಾದರೂ ಆಗಬಹುದು ಎಂದು ಟಿಸ್ಡೇಲ್ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ನೀನು ಗೆದ್ದೆ ಎಂದುಕೊಂಡಿರಬೇಕು. ಹೇಡಿ.

ಹಲ್ಡಾ

*

ನ್ಯೂಯಾರ್ಕ್
ಫೆಬ್ರವರಿ 2, 1884

ಅಕ್ಕ,

ಪರದೆಯ ಸಂದಿಯಿಂದ ನಿನ್ನನ್ನು ನೋಡಿದೆ. ತುಂಬ ಬಡವಾಗಿದ್ದೀಯ. ಪಕ್ಕದಲ್ಲಿ ಶಾಲು ಹೊದ್ದವಳು ಆ ಹುಡುಗನ ತಾಯಿ ಎಂದು ಯಾರೂ ಹೇಳದೆಯೇ ಗೊತ್ತಾಯಿತು. ನನ್ನ ಕೈ ಬಾಗಿಲ ಚಿಲಕದ ಮೇಲೇ ಇತ್ತು, ನಲವತ್ತು ನಿಮಿಷವೂ ಇತ್ತು. ತೆಗೆಯಲಿಲ್ಲ.

ನಡೆದದ್ದನ್ನು ಹೇಳುತ್ತೇನೆ. ನವೆಂಬರ್ ಮೊದಲ ವಾರ ಕ್ಲಬ್ಬಿನಲ್ಲಿ ಊಟಕ್ಕೆ ಕೂತಿದ್ದೆವು, ಬೇರೆ ಬೇರೆ ರೈಲ್ವೆಗಳ ಐದು ಜನ ಅಧ್ಯಕ್ಷರು. ಸಿಂಪಿಯ ಮಾಂಸ ತಿನ್ನುತ್ತ ಒಬ್ಬ ನಕ್ಕ: "ಆ ಭಾನುವಾರ ಪ್ರುಯಿಟ್‌ನ ಗಾಡಿಗಳು ಅರ್ಧ ಗಂಟೆ ಹಸುಗಳ ಹಾಗೆ ಮೆಲುಕು ಹಾಕ್ತಾ ನಿಂತಿರ್ತವೆ, ನೋಡ್ತಿರಿ." ಎಲ್ಲರೂ ನಕ್ಕರು. ನಾನು ಮೇಜು ಗುದ್ದಿ, "ನನ್ನ ಹಳಿ ಮೇಲೆ ಒಂದು ಚಕ್ರಾನೂ ನಿಲ್ಲಲ್ಲ" ಎಂದೆ. ಮರುದಿನ ಬೆಳಿಗ್ಗೆ ಬೀಬ್‌ನ ಹಾಳೆ ಮೇಜಿನ ಮೇಲಿತ್ತು. ನಿಲ್ಲಬೇಕು, ಕದಲಬಾರದು ಎಂಬ ಮಾತುಗಳೇ ಕಣ್ಣಿಗೆ ಚುಚ್ಚಿದವು. ಹೊಡೆದುಹಾಕಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಇನ್ನೊಂದಿದೆ. ಅದು ನಿನಗೂ ಗೊತ್ತಿಲ್ಲ, ಆ ಹುಡುಗಿಗೂ ಗೊತ್ತಿಲ್ಲ. ಕೇಳಬೇಕಿತ್ತು ಎಂದು ಬರೆದಿದ್ದೆನಲ್ಲ, ಕೇಳಿದ್ದರು. ಆ ಹಾಳೆ ತಲುಪಿದ ದಿನವೇ ರಾತ್ರಿ, ಹುಡುಗಿ ಮನೆಗೆ ಹೋದ ಮೇಲೆ, ಬೀಬ್ ತಾನೇ ಕೂತು ಹೊಡೆದ ತಂತಿ ಬಂತು: 'ಯಾವ ಹನ್ನೆರಡು ಎಂದು ಗಿಡಿಯನ್ ಡನ್‌ಲಪ್ ಕೇಳುತ್ತಿದ್ದಾನೆ. ಏನು ಹೇಳಲಿ?' ಗಿಡಿಯನ್ನನ ಹೆಸರು ನೋಡಿ ನನಗೆ ರೇಗಿತು. ಆ ಮುದುಕ ಎಲ್ಲರೆದುರು ನನಗೆ ಪಾಠ ಹೇಳಲು ಬಂದ ಎನ್ನಿಸಿತು. 'ಹನ್ನೆರಡು ಎಂದರೆ ಹನ್ನೆರಡೇ' ಎಂದು ಉತ್ತರ ಕಳಿಸಿದೆ. ಮತ್ತೆ ಯಾರೂ ಕೇಳಲಿಲ್ಲ.

ಗಿಡಿಯನ್ ತಪ್ಪು ಮಾಡಲಿಲ್ಲ. ಅವನ ಗಡಿಯಾರದಲ್ಲಿ ಹನ್ನೆರಡಾಯಿತು, ನಾನು ಬರೆದದ್ದನ್ನು ಬರೆದ ಹಾಗೆ ಮಾಡಿದ. ಅವನನ್ನೂ, ಕಾನರ್ ಟಿಯರ್ನಿಯನ್ನೂ, ಆ ಹೆಂಗಸನ್ನೂ ಕೊಂದದ್ದು ನಾನು.

ಇದನ್ನು ಓದಿ ಸುಟ್ಟುಬಿಡು.

ಆಲ್ವಾ ಹೋರೇಸ್ ಪ್ರುಯಿಟ್
ಅಧ್ಯಕ್ಷ, ಲೇಕ್ ಅಂಡ್ ಪ್ರೈರಿ ರೈಲ್ವೆ

*

ಕೆಸ್ಲರ್ಸ್ ಫೋರ್ಡ್
ಫೆಬ್ರವರಿ 11, 1884

ಆಲ್ವಾ,

ಸುಡಲಿಲ್ಲ.

ಮೊದಲು ಬ್ರಿಜಿಡ್‌ಳ ಮನೆಗೆ ಹೋಗಿ ಓದಿದೆ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಓದಿ ಮುಗಿದ ಮೇಲೆ "ಇನ್ನೊಂದ್ಸಲ ಓದು" ಎಂದಳು. ಓದಿದೆ. ಗಿಡಿಯನ್ ಕೇಳಿದ್ದ ಎನ್ನುವ ಜಾಗಕ್ಕೆ ಬಂದಾಗ ಅವಳು ಚಾಕು ಕೆಳಗಿಟ್ಟಳು. "ಕೇಳಿದ್ನಾ? ಅಯ್ಯೋ, ಕೇಳಿದ್ನಾ?" ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ಅವನು ಮನೆಯಲ್ಲಿ ನನಗೂ ಹೇಳಿರಲಿಲ್ಲ. ತಮ್ಮನ ಮಾತು ಅಕ್ಕನ ಹತ್ತಿರ ಯಾಕೆ ಎಂದುಕೊಂಡಿರಬೇಕು. ನಿನ್ನ ಮರ್ಯಾದೆ ಕಾಯ್ದ ಅವನು, ತಿಳಿಯಿತೇ? ನಿನ್ನ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ಗಾಡಿ ಹತ್ತಿದ.

ಆಮೇಲೆ ಇಬ್ಬರೂ ಸ್ಟೇಷನ್ನಿಗೆ ಹೋದೆವು. ಲೆಟ್ಟಿಯನ್ನೂ ಕರೆದುಕೊಂಡೆವು. ಅವಳ ಜಾಗದಲ್ಲಿ ಕೂತಿದ್ದ ಹೊಸಬ ಕಾಗದ ಓದಿ, ಎದ್ದು ಕಿಟಕಿಯ ಹೊರಗೆ ನೋಡುತ್ತ ನಿಂತ. ಲೆಟ್ಟಿ ಕೂತು ಮೂವತ್ತೊಂದು ಸ್ಟೇಷನ್ನಿಗೂ ಕಳಿಸಿದಳು, ಸಿಂಪಿ, ಹಸು ಎಲ್ಲ ಸೇರಿಸಿ, ಒಂದು ಮಾತೂ ಹೊಡೆದುಹಾಕದೆ. ಅರ್ಧದಲ್ಲಿ ಬೀಬ್ ಒಳಗೆ ಬಂದ. ತಡೆಯುತ್ತಾನೆ ಎಂದುಕೊಂಡೆ. ಟೋಪಿ ತೆಗೆದು ಗೋಡೆಗೆ ಒರಗಿ ನಿಂತ, ಅಷ್ಟೇ. ಮೂಲ ಕಾಗದವನ್ನು ಬೋರ್ಡಿಗೆ ಹೊಡೆದಿದ್ದೇವೆ, ವರದಿಯನ್ನು ಕಿತ್ತು. ನಿನ್ನೆ ಸಂಘದವರು ಮನೆಗೆ ಬಂದು ಹೆಸರಿನ ಅಕ್ಷರಗಳನ್ನು ಸರಿಯಾಗಿ ಬರೆಸಿಕೊಂಡು ಹೋದರು. ನ್ಯೂಯಾರ್ಕಿನ ಪತ್ರಿಕೆಗಳು ನಾಳೆ ಬರೆಯುತ್ತವಂತೆ.

ಈಗ ನನ್ನ ಸಿಟ್ಟಿನ ಮಾತು ಕೇಳು. ಸುಟ್ಟುಬಿಡು ಎಂದು ಬರೆದ ಕಾಗದಕ್ಕೆ ಯಾರೂ ಮೂರು ಮಾತಿನ ಪೂರ್ತಿ ಹೆಸರು ಹಾಕಿ, ಕೆಳಗೆ ಹುದ್ದೆ ಬರೆಯುವುದಿಲ್ಲ. ಇಷ್ಟು ವರ್ಷ ನನಗೆ ಆಲ್ ಎಂದೇ ಸಹಿ ಹಾಕಿದವನು ನೀನು. ನಾನು ಏನು ಮಾಡುತ್ತೇನೆ ಎಂದು ನಿನಗೆ ಗೊತ್ತಿತ್ತು. ಚಿಲಕ ತೆಗೆಯುವ ಧೈರ್ಯ ನಿನಗಿರಲಿಲ್ಲ, ಅದಕ್ಕೆ ಅಕ್ಕನ ಕೈ ಬೇಕಾಯಿತು. ಕಡೆಗೆ ನಿನ್ನ ತಪ್ಪನ್ನು ಒಪ್ಪಿಕೊಳ್ಳುವ ಕೆಲಸವನ್ನೂ ನನ್ನ ಕೈಯಿಂದಲೇ ಮಾಡಿಸಿದೆಯಲ್ಲೋ, ಅರವತ್ತಮೂರು ವರ್ಷದ ವಿಧವೆಯ ಕೈಯಿಂದ! ನಿನ್ನನ್ನು ಎಷ್ಟು ಬೈದರೂ ನನ್ನ ಹೊಟ್ಟೆಯುರಿ ಆರುವುದಿಲ್ಲ.

ಆ ಕುರ್ಚಿಯಿಂದ ನಿನ್ನನ್ನು ಇಳಿಸುತ್ತಾರೆ. ಆಮೇಲೆ ಕ್ಲಬ್ಬಿನಲ್ಲಿ ನಿನ್ನ ಜೊತೆ ಊಟಕ್ಕೆ ಯಾರೂ ಕೂರುವುದಿಲ್ಲ. ಅವತ್ತು ಇಲ್ಲಿಗೆ ಬಾ. ಎಲ್ಲರ ಹಾಗೆ ಟಿಕೆಟ್ ತೆಗೆದುಕೊಂಡು, ಎಲ್ಲರ ಹಾಗೆ ಇಳಿದು, ಬೀದಿಯಲ್ಲಿ ನಡೆದುಕೊಂಡು ಬಾ. ಊಟ ಹಾಕುತ್ತೇನೆ. ಮಾತಾಡಿಸುತ್ತೇನೆ ಎಂದು ಮಾತ್ರ ನಂಬಿಕೊಂಡು ಬರಬೇಡ.

ಹಲ್ಡಾ